ಹೆರಾಲ್ಡ್ ಕಾರಿಗೆ ಫೈಬರ್ ಬಾಡಿ: ಹಲವು ಮಳೆಗಾಲ ಕಂಡ ಅಗ್ಗದ ರೆಸಿನ್

ಬೆಳಗಿನ ಓರೆ ಬಿಸಿಲಿನಲ್ಲಿ ನಮ್ಮ ಕಾರಿನ ಬಾನೆಟ್ಟನ್ನು ನೋಡಿದರೆ ಬಣ್ಣದ ಅಡಿಯಿಂದ ಗಾಜಿನ ಮ್ಯಾಟಿನ ಎಳೆಗಳು ಅಡ್ಡಾದಿಡ್ಡಿಯಾಗಿ ಎದ್ದು ಕಾಣುತ್ತವೆ. ಬಣ್ಣ ಹೊಡೆದ ಹೊಸದರಲ್ಲಿ ಅವು ಇರಲಿಲ್ಲ; ಮೊದಲ ಬೇಸಿಗೆಯಲ್ಲಿ ಬಂದವು, ಬಂದ ಮೇಲೆ ಹೋಗಲಿಲ್ಲ. ಅಂಗಡಿಗಳಲ್ಲಿ ಜನರಲ್ ಪರ್ಪಸ್ ಎಂಬ ಹೆಸರಿನಲ್ಲಿ ಸಿಗುವ ಪಾಲಿಯೆಸ್ಟರ್ ರೆಸಿನ್ನನ್ನೂ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟುದ್ರವ), ಗಾಜಿನ ತುಂಡೆಳೆಗಳ ಹಾಳೆಯಾದ ಚಾಪ್ಡ್ ಸ್ಟ್ರಾಂಡ್ ಮ್ಯಾಟನ್ನೂ ಬಳಸಿ, ಚಿಕ್ಕಮಗಳೂರಿನ ಹತ್ತಿರದ ನಮ್ಮ ತೋಟದಲ್ಲಿಯೇ ಛಾವಣಿಯಿಲ್ಲದ ಒಂದು ರೋಡ್‌ಸ್ಟರ್ ಕಾರು ಕಟ್ಟಿ, ಅದನ್ನು ಹಲವು ಮಳೆಗಾಲ ಓಡಿಸಿದವನ ಅಭಿಪ್ರಾಯ ಇದು. ರೆಸಿನ್ನಿನ ದಪ್ಪ, ಸಾಂದ್ರತೆ ಮುಂತಾದ ವಿವರಗಳು ಡಬ್ಬಿಯ ಮೇಲೆಯೇ ಅಚ್ಚಾಗಿರುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ನಮ್ಮದು ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ತಯಾರಿಸಿದ ಈ ಕಾರಿಗೆ ಪ್ರತ್ಯೇಕ ಛಾಸಿಸ್, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಇದೆ. ಬಾಡಿಯ ಭಾಗಗಳು ಅದರ ಮೇಲೆ ಬೋಲ್ಟುಗಳಲ್ಲಿ ಕೂತಿವೆ. ಛಾವಣಿಯನ್ನೂ ಬಿಚ್ಚಿ ಪಕ್ಕಕ್ಕಿಡಬಹುದು. ಇಂಗ್ಲೆಂಡಿನಲ್ಲಿ 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ತೆರೆದ ಕಾರನ್ನು ಸಹ ಹೆರಾಲ್ಡ್‌ನ ಛಾಸಿಸ್ಸನ್ನೇ ಮೊಟಕು ಮಾಡಿ ಕಟ್ಟಿದ್ದರು. ಮಾರುತಿ 800ರಂಥ ಕಾರಿನಲ್ಲಿ ಬಾಡಿಯೇ ಭಾರ ಹೊರುವುದರಿಂದ ಛಾವಣಿ ಕತ್ತರಿಸಿದರೆ ನಡುವೆ ಬಾಗುವ ಭಯವಿರುತ್ತದೆ. ಹೆರಾಲ್ಡ್‌ನಲ್ಲಿ ಆ ಭಯ ಕಡಿಮೆ. ತುಕ್ಕು ಹಿಡಿದು ಉದುರುತ್ತಿದ್ದ ಬಾನೆಟ್, ಹಿಂದಿನ ಎರಡು ಮಡ್‌ಗಾರ್ಡುಗಳು ಮತ್ತು ಡಿಕ್ಕಿಯ ಮುಚ್ಚಳ, ಇಷ್ಟನ್ನು ಹೊಸ ಆಕಾರದಲ್ಲಿ ಫೈಬರಿನಿಂದ ಮಾಡಿದ್ದೇನೆ. ಫೈಬರ್ ಬಾಡಿಯ ಕಾರು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ 1980ರ ದಶಕದಲ್ಲಿಯೇ ಓಡಾಡಿತ್ತು.

ಇಂಥ ಕೆಲಸಕ್ಕೆ ಕೈಹಾಕುವವರು ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಹೊಂದದೆ ಹೋಗುವಂಥ ಮಾರ್ಪಾಡು ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನು ಎತ್ತಿಹಿಡಿದಿದೆ. ಹೀಗಾಗಿ ನಮ್ಮ ಕಾರು ಗೇಟಿನಿಂದ ಆಚೆ ಹೋಗುವುದಿಲ್ಲ. ಬಂಗಲೆಯಿಂದ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ, ಅಲ್ಲಿಂದ ಕೆರೆಯ ಏರಿಯವರೆಗೆ, ತೋಟದೊಳಗಿನ ರಸ್ತೆಯಲ್ಲಷ್ಟೇ ಅದರ ಸಂಚಾರ.

ಕಾಫಿ ಸೀಮೆಯಲ್ಲಿ ಈ ರೆಸಿನ್ ಬಳಸುವವರಿಗೆ ಮೊದಲು ಎದುರಾಗುವುದು ಅದರ ವಾಸನೆ. ರೆಸಿನ್ನನ್ನು ತೆಳುವಾಗಿಸುವ ಸ್ಟೈರೀನ್ ಎಂಬ ದ್ರಾವಕ ಡಬ್ಬಿಯ ಮುಚ್ಚಳ ತೆಗೆದ ಕ್ಷಣದಿಂದ ಇಡೀ ಕಟ್ಟಡವನ್ನು ತುಂಬುತ್ತದೆ, ಮತ್ತು ಒಣಗಿದ ಕಾಫಿ ಬೀಜ ಪಕ್ಕದಲ್ಲಿರುವ ಯಾವ ವಾಸನೆಯನ್ನಾದರೂ ಹೀರಿಕೊಳ್ಳುವಂಥದ್ದು. ನಾನು ಗೋಡೌನಿನ ಒಂದು ಮೂಲೆಯನ್ನು ಕೇಳಿದಾಗ ದೊಡ್ಡಪ್ಪ ಒಂದೇ ಮಾತು ಹೇಳಿದರು: “ಮಾರಾಯ, ಈ ವಾಸನೆ ಪಾರ್ಚ್‌ಮೆಂಟಿಗೆ ಹತ್ತಿತು ಅಂದ್ರೆ ಕ್ಯೂರಿಂಗಿನವರು ಮೂಟೆ ಇಳಿಸ್ಕೊಳ್ಳೋದೂ ಇಲ್ಲ.” ಪಾರ್ಚ್‌ಮೆಂಟ್ ಎಂದರೆ ಹೊಟ್ಟು ಸಮೇತ ಒಣಗಿಸಿದ ಕಾಫಿ ಬೀಜ; ಕ್ಯೂರಿಂಗಿನವರು ಆ ಹೊಟ್ಟು ಬಿಡಿಸಿ ಬೀಜ ವಿಂಗಡಿಸುವವರು. ಕುಯ್ಲು ಮುಗಿದು, ಕಣದ ಮೇಲಿನ ಕಾಫಿಯೆಲ್ಲ ಮೂಟೆಯಾಗಿ ಹೊರಟ ಮೇಲೆ, ಗೋಡೌನಿನಿಂದ ದೂರದ ಕೆಳಗಿನ ಕಣದಲ್ಲಿ ಕೆಲಸ ಶುರುವಾಯಿತು. ಹಾಗೆ ನೋಡಿದರೆ ರೆಸಿನ್ನಿಗೂ ಅದೇ ಸರಿಯಾದ ಕಾಲ. ನಮ್ಮಲ್ಲಿ ಜನವರಿಯ ಬೆಳಗಿನ ಚಳಿಗೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಹದಿನೈದು ಡಿಗ್ರಿಗಿಂತ ಕೆಳಗೆ ಅದನ್ನು ಮುಟ್ಟದಿರುವುದು ಒಳ್ಳೆಯದು. ಜೂನ್ ಬಂದ ಮೇಲೆ ಮಾತೇ ಬೇಡ.

ಇನ್ನು ದಿನದ ಕೆಲಸದ ಕ್ರಮ. ಇದನ್ನು ನಾನು ನಿಜಕ್ಕೂ ಇಷ್ಟಪಟ್ಟೆ. ನಾಲ್ಕು ಗಂಟೆಯ ಕಾಫಿ ಮುಗಿಸಿ, ಬಿಸಿಲು ಇಳಿದ ಮೇಲೆ, ಅಂದು ಬೇಕಾಗುವ ಮ್ಯಾಟನ್ನು ಮೊದಲೇ ತುಂಡು ಮಾಡಿ ಜೋಡಿಸಿಟ್ಟುಕೊಳ್ಳುತ್ತಿದ್ದೆ. ಅಂಚುಗಳನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿದರೆ ಒಂದು ತುಂಡಿನ ಎಳೆಗಳು ಇನ್ನೊಂದರೊಳಗೆ ಸೇರಿಕೊಂಡು ಜೋಡಣೆಯ ಗುರುತು ಉಳಿಯುವುದಿಲ್ಲ. ಕಾಫಿ ಸ್ಯಾಂಪಲ್ ತೂಗುತ್ತಿದ್ದ ಹಳೆಯ ತಕ್ಕಡಿಯಲ್ಲಿ ಅರ್ಧ ಕಿಲೋ ರೆಸಿನ್ ತೂಗಿ, ಗಟ್ಟಿಯಾಗುವುದನ್ನು ಚುರುಕಾಗಿಸುವ ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರನ್ನು ಹಾಕಿ ಚೆನ್ನಾಗಿ ಕಲಸಿ, ಆ ಬಳಿಕವಷ್ಟೇ ರೆಸಿನ್ನನ್ನು ಗಟ್ಟಿಯಾಗಿಸುವ ಎಂಇಕೆಪಿ ಎಂಬ ಹಾರ್ಡನರ್ ಸೇರಿಸಬೇಕು. ಒಂದು ಕಿಲೋ ರೆಸಿನ್ನಿಗೆ ಹತ್ತರಿಂದ ಇಪ್ಪತ್ತು ಗ್ರಾಂ ಹಾರ್ಡನರ್ ಸಾಕು. ಸೆಖೆಯ ದಿನ ಕಡಿಮೆ, ತಂಪಿನ ದಿನ ಹೆಚ್ಚು. ಕೋಬಾಲ್ಟ್ ಮತ್ತು ಹಾರ್ಡನರ್ ಒಂದಕ್ಕೊಂದು ನೇರವಾಗಿ ತಾಗಿದರೆ ಸ್ಫೋಟವಾಗುತ್ತದೆ, ಹಾರ್ಡನರಿನ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಆದುದರಿಂದ ಎರಡು ಬಾಟಲಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಟ್ಟು, ರಕ್ಷಣಾ ಕನ್ನಡಕ ಹಾಕಿಕೊಂಡೇ ಸುರಿಯಬೇಕು. ಧೂಳಿಗೆಂದು ಸಿಗುವ ಬಿಳಿಯ ಮಾಸ್ಕ್ ಸ್ಟೈರೀನ್ ಆವಿಯನ್ನು ತಡೆಯುವುದಿಲ್ಲ. ಆವಿ ಹೀರುವ ಕಾರ್ಟ್‌ರಿಜ್ ಇರುವ ಮಾಸ್ಕೇ ಬೇಕು.

ಬಿಳಿಯ ಮ್ಯಾಟಿನ ಮೇಲೆ ರೆಸಿನ್ ಸುರಿದು ಬ್ರಷ್ಷಿನಿಂದ ಎಳೆಯದೆ, ತುದಿಯಿಂದ ಮೆಲ್ಲಗೆ ಕುಟ್ಟುತ್ತಾ ಹೋದರೆ, ಎಳೆಗಳನ್ನು ಹಿಡಿದಿಟ್ಟ ಅಂಟು ಸ್ಟೈರೀನಿನಲ್ಲಿ ಕರಗಿ, ಮ್ಯಾಟ್ ಮೃದುವಾಗಿ, ಬಿಳುಪು ಕಳೆದು ಪಾರದರ್ಶಕವಾಗುತ್ತದೆ. ಎಲ್ಲಿ ಬಿಳುಪು ಉಳಿದಿದೆಯೋ ಅಲ್ಲಿ ಗಾಳಿ ಇದೆ ಎಂದರ್ಥ. ಆಗ ಲೋಹದ ರೋಲರನ್ನು ಉರುಳಿಸಿದರೆ ಗುಳ್ಳೆಗಳು ಚಿಟಿಚಿಟಿ ಎಂದು ಒಡೆಯುವುದು ಕಿವಿಗೇ ಕೇಳುತ್ತದೆ. ಮುಕ್ಕಾಲು ಗಂಟೆಯಲ್ಲಿ ರೆಸಿನ್ ಹೆಪ್ಪಾಗಿ, ಪೂರ್ತಿ ಗಟ್ಟಿಯಾಗುವ ಮೊದಲು ಒಂದು ಹದ ಬರುತ್ತದೆ. ಆ ಹದದಲ್ಲಿ ಅಚ್ಚಿನ ಅಂಚಿನ ಆಚೆ ಚಾಚಿಕೊಂಡ ಭಾಗವನ್ನು ಸಾಧಾರಣ ಚಾಕುವಿನಿಂದ, ಅರ್ಧ ಒಣಗಿದ ಹಲಸಿನ ಹಪ್ಪಳವನ್ನು ಕೊಯ್ದಂತೆ, ಒಂದೇ ಎಳೆತಕ್ಕೆ ಕೊಯ್ದು ತೆಗೆಯಬಹುದು. ಅರ್ಧ ಗಂಟೆ ತಡವಾದರೆ ಅದೇ ಕೆಲಸಕ್ಕೆ ಗ್ರೈಂಡರ್ ಬೇಕು, ಅದರ ಹಿಂದೆಯೇ ರಾತ್ರಿಯಿಡೀ ಮೈ ತುರಿಸುವ ಗಾಜಿನ ಧೂಳೂ ಬರುತ್ತದೆ. ಆ ಹದವನ್ನು ಕಾಯುತ್ತಾ ಕಣದ ಕಟ್ಟೆಯ ಮೇಲೆ ಕೂರುವುದಕ್ಕಾಗಿಯೇ ಈ ಕೆಲಸವನ್ನು ಇನ್ನೊಮ್ಮೆ ಮಾಡಬಹುದು.

ಇಷ್ಟು ಒಳ್ಳೆಯ ಮಾತಿನ ನಂತರ ಬಾನೆಟ್ಟಿನ ವಿಷಯಕ್ಕೆ ಬರಬೇಕು. ರೆಸಿನ್ ಜೊತೆಗೆ ಮಾರಾಟಗಾರರು ಕೊಟ್ಟ ಕರಪತ್ರದಲ್ಲಿ 24 ಗಂಟೆಯಲ್ಲಿ ಬಣ್ಣಕ್ಕೆ ಸಿದ್ಧ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅಂಗಡಿಯಲ್ಲಿ ಬಾಯಿಮಾತಿನಲ್ಲಿ ಕೇಳಿದಾಗಲೂ ಅದೇ ಉತ್ತರ. ಈ ಹೇಳಿಕೆ ನೀರಿನ ಟ್ಯಾಂಕಿಗೋ ಛಾವಣಿಯ ಶೀಟಿಗೋ ಸಲ್ಲಬಹುದು, ಕಾರಿನ ಬಾಡಿಗೆ ಖಂಡಿತ ಸಲ್ಲುವುದಿಲ್ಲ. ಪಾಲಿಯೆಸ್ಟರ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಒಳಗಿನ ಗಾಜಿನ ಎಳೆ ಕುಗ್ಗುವುದಿಲ್ಲ. ಎಳೆಗಳ ನಡುವಿನ ರೆಸಿನ್ ಒಳಕ್ಕೆ ಇಳಿದಂತೆಲ್ಲ ಎಳೆಯ ಆಕಾರ ಮೇಲ್ಮೈಗೆ ಬರುತ್ತದೆ. ಈ ಕುಗ್ಗುವಿಕೆ ಒಂದು ದಿನಕ್ಕೆ ನಿಲ್ಲದೆ ವಾರಗಟ್ಟಲೆ ನಿಧಾನವಾಗಿ ನಡೆಯುತ್ತದೆ, ಬಿಸಿ ತಾಗಿದಾಗಲೆಲ್ಲ ಮತ್ತಷ್ಟು ಮುಂದುವರಿಯುತ್ತದೆ. ಅದರ ಮೇಲೆ ನಮ್ಮ ಕಾರಿನದು ಕಡು ಹಸಿರು ಬಣ್ಣ. ಏಪ್ರಿಲ್ ಮಧ್ಯಾಹ್ನದಲ್ಲಿ ಕಡು ಬಣ್ಣದ ಬಾನೆಟ್ ಕೈ ಇಡಲಾರದಷ್ಟು ಕಾಯುತ್ತದೆ, ಮತ್ತು ಈ ಅಗ್ಗದ ದರ್ಜೆಯ ರೆಸಿನ್ ಅರವತ್ತು ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಬಿಗಿ ಕಳೆದುಕೊಳ್ಳತೊಡಗುತ್ತದೆ. ಪೇಂಟರ್ ಪುಟ್ಟಿ ಹಾಕಿ, 220ರಿಂದ 800ರವರೆಗಿನ ನಂಬರಿನ ವಾಟರ್ ಪೇಪರಿನಲ್ಲಿ ನೀರು ಸುರಿದು ಉಜ್ಜಿ ತಂದ ನುಣುಪೆಲ್ಲ ಒಂದೇ ಬೇಸಿಗೆಯಲ್ಲಿ ಹೋಯಿತು. ಕರಪತ್ರದಲ್ಲಿ ಇದರ ಬಗ್ಗೆ ಅರ್ಧ ಸಾಲು ಇದ್ದಿದ್ದರೂ ಪೇಂಟರಿಗೆ ಕೊಟ್ಟ ಹಣ ಉಳಿಯುತ್ತಿತ್ತು. ಮಾರಾಟಗಾರರಿಗೆ ಫೋಟೊ ಕಳುಹಿಸಿದ್ದಕ್ಕೆ ಬಂದ ಉತ್ತರ, ಬಣ್ಣದ ದೋಷ ಎಂಬುದು. ಪೇಂಟರ್ ಅದೇ ದಿನ ಅದೇ ಬಣ್ಣ ಹೊಡೆದ ತಗಡಿನ ಬಾಗಿಲು ಇಂದಿಗೂ ಎಳೆಯಿಲ್ಲದೆ ನುಣುಪಾಗಿದೆ.

ಮೇಲ್ಮೈಯ ಅಂಟಂಟು ಇದಕ್ಕಿಂತ ಚಿಕ್ಕ ದೂರು. ಗಾಳಿಯ ಆಮ್ಲಜನಕ ತಾಗುವ ಪದರ ಪೂರ್ತಿ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ಕೊನೆಯ ಪದರಕ್ಕೆ ಮೇಣದ ದ್ರಾವಣ ಸೇರಿಸಿದರೆ ಮೇಣ ಮೇಲೆ ತೇಲಿ ಗಾಳಿಯನ್ನು ತಡೆಯುತ್ತದೆ. ಇದನ್ನೂ ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಥರ್ಮೋಕೋಲಿನಲ್ಲಿ ಆಕಾರ ಕೆತ್ತಿ ಅದರ ಮೇಲೆ ನೇರವಾಗಿ ಈ ರೆಸಿನ್ ಹಚ್ಚಿದರೆ ಥರ್ಮೋಕೋಲ್ ಕರಗಿಹೋಗುತ್ತದೆ. ಅದಕ್ಕೇ ನಾನು ಪ್ಲೈವುಡ್ ಅಡ್ಡಪಟ್ಟಿಗಳ ನಡುವೆ ಪಾಲಿಯುರೆಥೇನ್ ಫೋಮ್ ತುಂಬಿ ಕೆತ್ತಿದೆ.

ಕೋಪ ಇಳಿದದ್ದು ಒಂದು ಮಳೆಗಾಲದಲ್ಲಿ. ಗಾಳಿಗೆ ಸಿಲ್ವರ್ ಓಕಿನ ಕೊಂಬೆ ಮುರಿದು ಶೆಡ್ಡಿನ ಶೀಟನ್ನು ತೂರಿ ಎಡಗಡೆಯ ಹಿಂದಿನ ಮಡ್‌ಗಾರ್ಡಿನ ಮೇಲೆ ಬಿತ್ತು. ಮಡ್‌ಗಾರ್ಡ್ ಗೇಣುದ್ದ ಸೀಳಿತು, ಆದರೆ ಆಕಾರ ಕೆಡಲಿಲ್ಲ. ತಗಡಾಗಿದ್ದರೆ ಟಿಂಕರಿಂಗ್‌ನವರಿಗಾಗಿ ವಾರಗಟ್ಟಲೆ ಕಾಯಬೇಕಿತ್ತು, ಅವರು ಬಡಿದು ಸರಿಮಾಡಿದ ಮೇಲೂ ಆ ಜಾಗದಿಂದಲೇ ತುಕ್ಕು ಶುರುವಾಗುತ್ತಿತ್ತು. ಇಲ್ಲಿ ಮಳೆ ಹೊಳವಾದ ದಿನ ನೋಡಿ, ಸೀಳಿನ ಎರಡೂ ಕಡೆ ಅಂಗೈ ಅಗಲದಷ್ಟು ಇಳಿಜಾರಾಗಿ ಉಜ್ಜಿ, ಒಳಗಡೆಯಿಂದ ಒಂದಕ್ಕಿಂತ ಒಂದು ದೊಡ್ಡದಾದ ಮ್ಯಾಟಿನ ತುಂಡುಗಳನ್ನು ಹಾಕಿ, ಹ್ಯಾಲೋಜೆನ್ ದೀಪದ ಬಿಸಿ ಕೊಟ್ಟು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಬಟ್ಟೆಗೂ ಗೋಡೆಗೂ ಬೂಷ್ಟು ಹಿಡಿಯುವ ನಮ್ಮ ಮಲೆನಾಡಿನ ಆಷಾಢದಲ್ಲಿ ಕಾರಿನ ಫೈಬರ್ ಭಾಗಗಳಿಗೆ ಏನೂ ಆಗಿಲ್ಲ. ತುಕ್ಕಿಗೆ ಸೋತು ಈ ಕೆಲಸಕ್ಕಿಳಿದ ನನಗೆ ಇದು ಸಣ್ಣ ಲಾಭವಲ್ಲ. ಒಂದು ಎಚ್ಚರಿಕೆ ಮಾತ್ರ ಇದೆ: ಪಾಲಿಯೆಸ್ಟರ್ ಕಬ್ಬಿಣಕ್ಕೆ ಭದ್ರವಾಗಿ ಅಂಟುವುದಿಲ್ಲ. ಛಾಸಿಸ್ಸಿಗೆ ಕೂರಿಸುವಲ್ಲಿ ರಬ್ಬರ್ ಪಟ್ಟಿ ಇಟ್ಟು, ಅಗಲವಾದ ವಾಷರ್ ಹಾಕಿ ಬೋಲ್ಟನ್ನೇ ನಂಬಬೇಕು.

ಹಾಗಾದರೆ ಇನ್ನೊಮ್ಮೆ ಕೊಳ್ಳುತ್ತೇನೆಯೇ? ಒಳಭಾಗಗಳಿಗೆ, ನೆಲಹಾಸಿಗೆ, ಡ್ಯಾಶ್‌ಬೋರ್ಡಿನ ಹಿಂಬದಿಗೆ ಇದೇ ಅಗ್ಗದ ರೆಸಿನ್ ಸಾಕು. ಎಪಾಕ್ಸಿ ಕುಗ್ಗುವುದು ಕಡಿಮೆ, ಅದಕ್ಕೆ ಸ್ಟೈರೀನಿನ ವಾಸನೆಯೂ ಇಲ್ಲ. ಆದರೆ ಬೆಲೆ ಹಲವು ಪಟ್ಟು, ಸಾಮಾನ್ಯ ಚಾಪ್ಡ್ ಸ್ಟ್ರಾಂಡ್ ಮ್ಯಾಟಿನ ಅಂಟೂ ಅದರಲ್ಲಿ ಕರಗುವುದಿಲ್ಲ. ಕಾಫಿ ಧಾರಣೆಯನ್ನು ನೋಡಿಕೊಂಡು ಖರ್ಚು ಮಾಡುವ ನನ್ನಂಥವನಿಗೆ ಅದು ಹೊಂದುವ ಮಾತಲ್ಲ. ಹೊರಗೆ ಕಾಣುವ ಭಾಗಗಳಿಗೆ ಐಸೋಫ್ಥಾಲಿಕ್ ದರ್ಜೆಯ ಪಾಲಿಯೆಸ್ಟರನ್ನೇ ತರುತ್ತೇನೆ. ಬೆಲೆ ಸ್ವಲ್ಪ ಹೆಚ್ಚು, ಬಿಸಿಯನ್ನು ಇನ್ನಷ್ಟು ತಡೆಯುತ್ತದೆ. ಡಿಕ್ಕಿಯ ಹೊಸ ಮುಚ್ಚಳವನ್ನು ಅದರಲ್ಲಿಯೇ ಮಾಡಿದ್ದೇನೆ. ಅಚ್ಚಿಗೆ ಮೊದಲು ಹಚ್ಚುವ ಹೊರಪದರವಾದ ಜೆಲ್‌ಕೋಟಿನ ಹಿಂದೆ ಚದರ ಮೀಟರಿಗೆ 30 ಗ್ರಾಂ ತೂಗುವ ತೆಳುವಾದ ಸರ್ಫೇಸ್ ಟಿಶ್ಯೂ ಹಾಕಿ, ಅದು ಗಟ್ಟಿಯಾದ ಮೇಲೆ 300ರ ಮ್ಯಾಟ್, ಕೊನೆಗೆ 450ರದ್ದು. ಅಚ್ಚಿನಿಂದ ಬಿಡಿಸಿದ ಮೇಲೆ ಬಣ್ಣ ಹೊಡೆಯದೆ ಇಡೀ ಬೇಸಿಗೆ ಕಣದಲ್ಲಿ ಬಿಸಿಲಿಗೆ ಒಣಗಲು ಬಿಟ್ಟು, ಎದ್ದ ಎಳೆಗಳನ್ನೆಲ್ಲ ಉಜ್ಜಿದ ಬಳಿಕ ಕೆನೆ ಬಣ್ಣ ಹೊಡೆಸಿದೆ. ಅದರ ಮೇಲೆ ಈವರೆಗೆ ಏನೂ ಕಂಡಿಲ್ಲ. ಬಾನೆಟ್ಟಿಗೂ ಈ ಬೇಸಿಗೆಯಲ್ಲಿ ಅದೇ ಬಣ್ಣ.

ಕೊಳ್ಳುವವರು ಇಪ್ಪತ್ತು ಕಿಲೋದ ಡ್ರಮ್ಮಿನ ಬೆಲೆ ನೋಡಿ ಆಸೆಪಡಬೇಕಾಗಿಲ್ಲ. ತೆರೆಯದ ಡಬ್ಬಿಯ ರೆಸಿನ್ ಸಹ ಕೆಲವು ತಿಂಗಳಲ್ಲಿ ತಾನಾಗಿ ದಪ್ಪಗಾಗತೊಡಗುತ್ತದೆ, ಬಿಸಿಯಲ್ಲಿಟ್ಟರೆ ಇನ್ನೂ ಬೇಗ. ಫೆಬ್ರವರಿಯಲ್ಲಿ ಐದು ಕಿಲೋ ತಂದು, ತಯಾರಿಕೆಯ ದಿನಾಂಕವನ್ನು ಅಂಗಡಿಯಲ್ಲಿಯೇ ಓದಿ, ಮೇ ಮುಗಿಯುವುದರೊಳಗೆ ಖಾಲಿ ಮಾಡುವುದು ಒಳ್ಳೆಯದು. ಕಲಸಿ ಉಳಿದದ್ದನ್ನು ಕಪ್ಪಿನಲ್ಲಿಯೇ ಬಿಡದೆ ತಗಡಿನ ಮೇಲೆ ತೆಳುವಾಗಿ ಹರಡಬೇಕು. ರಾಶಿಯಾಗಿ ಉಳಿದರೆ ಅದು ಹೊಗೆಯಾಡುವಷ್ಟು ಕಾಯುತ್ತದೆ, ಬೇಸಿಗೆಯಲ್ಲಿ ಕಣದ ಸುತ್ತ ಒಣ ತರಗೆಲೆಗೇನೂ ಕಡಿಮೆಯಿರುವುದಿಲ್ಲ.