ಜ್ಯುವೆಲರ್ಸ್ ಸ್ಟ್ರೀಟಿನ ಹಳೆ ಬೆಳ್ಳಿ ಅಂಗಡಿ: ಮುದ್ರೆ ಓದಿ ಚಮಚ ಮಾರುವವರು

ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟಿನಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರಲ್ಲಿರುವ ಈ ಅಂಗಡಿಗೆ ಬೋರ್ಡಿಲ್ಲ. ಹೆಸರು ಹಾಕಬೇಡಿ ಎಂದು ಯಜಮಾನರು ಕೇಳಿಕೊಂಡಿರುವುದರಿಂದ ನಾನೂ ಹಾಕುತ್ತಿಲ್ಲ. ಹಳೆ ಚಮಚದ ಅಂಗಡಿ ಎಂದರೆ ಅಕ್ಕಪಕ್ಕದವರು ತೋರಿಸುತ್ತಾರೆ. ಇಲ್ಲಿ ಮಾರಾಟಕ್ಕಿರುವುದು ಬಹುಮಟ್ಟಿಗೆ ಇಂಗ್ಲೆಂಡಿನಲ್ಲಿ ತಯಾರಾದ, ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನದ ಬೆಳ್ಳಿ ಚಮಚ, ಫೋರ್ಕು, ಸೌಟು ಮತ್ತು ಊಟದ ಚಾಕುಗಳು. 1809ರಲ್ಲಿ ದಂಡು ಪ್ರದೇಶ ಶುರುವಾದ ಮೇಲೆ ಅಧಿಕಾರಿಗಳ ಮನೆಗಳಿಗೂ ಸೈನ್ಯದ ಮೆಸ್ಸುಗಳಿಗೂ ಇಂಥ ಸಾಮಾನು ಹಡಗಿನಲ್ಲಿ ಬರತೊಡಗಿತು; ಮನೆಗಳು ಕೈಬದಲಾದಂತೆ ಅದು ಹರಾಜಿಗೆ, ಅಲ್ಲಿಂದ ಗಿರವಿ ಅಂಗಡಿಗೆ, ಎಷ್ಟೋ ಸಲ ನೇರವಾಗಿ ಕುಲುಮೆಗೆ ಹೋಯಿತು. ಕುಲುಮೆ ತಪ್ಪಿಸಿಕೊಂಡು ಉಳಿದವನ್ನು ಬರೀ ತೂಕಕ್ಕೆ ಮಾರದೆ, ಪ್ರತಿಯೊಂದರ ಮೇಲೆ ಒತ್ತಿರುವ ಮುದ್ರೆ (ಹಾಲ್‌ಮಾರ್ಕ್) ಓದಿ, ಯಾವ ಊರು, ಯಾವ ವರ್ಷ, ಯಾರ ಕೆಲಸ ಎಂದು ಚೀಟಿಯಲ್ಲಿ ಬರೆದು ಕೊಡುವ ಅಂಗಡಿ ಬೆಂಗಳೂರಿನಲ್ಲಿ ನಾನು ಕಂಡಿರುವುದು ಇದೊಂದೇ. ಬೆಳ್ಳಿಯ ಅಂದಿನ ದರಕ್ಕಿಂತ ಹೆಚ್ಚಾಗಿ ನಾವು ಕೊಡುವ ಹಣವೆಲ್ಲ ಆ ಚೀಟಿಯ ಮಾತಿಗಾಗಿಯೇ ಆದ್ದರಿಂದ, ಚೀಟಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನೇ ಮುಖ್ಯವಾಗಿ ಪರಿಶೀಲಿಸಿದ್ದೇನೆ.

ಗಿರಾಕಿ ಕುಳಿತ ತಕ್ಷಣ ಯಜಮಾನರು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪನ್ನು ಕೈಗೆ ಕೊಟ್ಟು, ಕಿಟಕಿಯ ಕಡೆಗೆ ತಿರುಗಿಸಿ, "ಮೊದಲು ಸಿಂಹ ನೋಡಿ ಸರ್, ಹೆಸರು ಕೊನೆಗೆ" ಎನ್ನುತ್ತಾರೆ. ಈ ಕ್ರಮ ಸರಿಯಾದದ್ದು. ಒಂದು ಕಾಲೆತ್ತಿ ನಡೆಯುವ ಸಿಂಹದ ಮುದ್ರೆ 1544ರಿಂದ ಬಳಕೆಯಲ್ಲಿದ್ದು, ಸಾವಿರಕ್ಕೆ 925 ಭಾಗ ಬೆಳ್ಳಿಯಿರುವ ಸ್ಟರ್ಲಿಂಗ್ ಎಂದು ಅದು ಸಾರುತ್ತದೆ. ಆಮೇಲೆ ಬೆಳ್ಳಿಯ ಶುದ್ಧತೆಯ ಪರೀಕ್ಷೆ ನಡೆದ ಊರಿನ ಗುರುತು: ಲಂಡನ್ನಿಗೆ ಚಿರತೆಯ ತಲೆ, 1773ರಲ್ಲಿ ಪರೀಕ್ಷಾ ಕಚೇರಿ ಪಡೆದ ಬರ್ಮಿಂಗ್‌ಹ್ಯಾಮಿಗೆ ಲಂಗರು, ಅದೇ ವರ್ಷ ಪಡೆದ ಶೆಫೀಲ್ಡಿಗೆ ಕಿರೀಟ, ಎಡಿನ್‌ಬರೊಗೆ ಮೂರು ಬುರುಜಿನ ಕೋಟೆ. ಮೂರನೆಯದು ವರ್ಷದ ಅಕ್ಷರ, ಅಂದರೆ ಪರೀಕ್ಷೆ ನಡೆದ ವರ್ಷವನ್ನು ಸೂಚಿಸುವ ಇಂಗ್ಲಿಷ್ ಅಕ್ಷರ. ನಾಲ್ಕನೆಯದಾದ ರಾಜನ ಅಥವಾ ರಾಣಿಯ ತಲೆ ಸುಂಕ ಕಟ್ಟಿದ್ದಕ್ಕೆ ಸಾಕ್ಷಿಯಾಗಿ 1784ರಿಂದ 1890ರವರೆಗೆ ಮಾತ್ರ ಬಿದ್ದಿತು. ಇಷ್ಟೂ ಹೊಂದಿಕೊಂಡ ಬಳಿಕವೇ ತಯಾರಕರ ಹೆಸರಿನ ಮೊದಲಕ್ಷರಗಳಿಗೆ ಕೈಹಾಕಬೇಕು. ಊರು ಮತ್ತು ವರ್ಷ ತಿಳಿಯದೆ ಎರಡು ಅಕ್ಷರ ಹಿಡಿದು ಹೊರಟರೆ ಒಂದೇ ಜೋಡಿ ಅಕ್ಷರಕ್ಕೆ ಹತ್ತಾರು ಹೆಸರುಗಳು ಎದುರಾಗುತ್ತವೆ.

ನಾನು ಕೊಂಡದ್ದು ಫಿಡ್ಲ್ ಮಾದರಿಯ ಆರು ಚಮಚಗಳ ಒಂದು ಕಟ್ಟು. ಪಿಟೀಲಿನ ಮೈಯಂತೆ ಹೆಗಲು ಚಾಚಿದ ಹಿಡಿ. ಮುದ್ರೆಗಳೆಲ್ಲ ಹಿಡಿಯ ಬೆನ್ನಿನ ಮೇಲೆ ಸಾಲಾಗಿವೆ. ಆರರಲ್ಲೂ ಸಿಂಹವಿದೆ, ಕಿರೀಟವಿಲ್ಲದ ಚಿರತೆಯ ತಲೆಯಿದೆ, ಬಲಕ್ಕೆ ಮುಖ ಮಾಡಿದ ರಾಜನ ತಲೆಯಿದೆ. ಲಂಡನ್ನಿನ ಚಿರತೆ ಕಿರೀಟ ಕಳೆದುಕೊಂಡದ್ದು 1821ರಲ್ಲಿ. ವಿಕ್ಟೋರಿಯಾ ರಾಣಿಯ ತಲೆಯಾಗಿದ್ದರೆ ಎಡಕ್ಕೆ ನೋಡುತ್ತಿತ್ತು. ಹೀಗೆ ಅಕ್ಷರವನ್ನು ಓದುವ ಮುಂಚೆಯೇ ಕಾಲ ಹದಿನೈದಿಪ್ಪತ್ತು ವರ್ಷಗಳ ಒಳಗೆ ಬಂದು ನಿಲ್ಲುತ್ತದೆ. ನಾಲ್ಕು ಚಮಚಗಳಲ್ಲಿ ಸಣ್ಣ 'ಆರ್', ತಯಾರಕರ ಮುದ್ರೆ 'ಡಬ್ಲ್ಯೂ ಸಿ'. ಉಳಿದ ಎರಡರಲ್ಲಿ ಸಣ್ಣ 'ಯು', ಮುದ್ರೆ 'ಎಂ ಸಿ'. ಲಂಡನ್ನಿನಲ್ಲಿ ವರ್ಷದ ಅಕ್ಷರ ಮೇ ತಿಂಗಳಿನಲ್ಲಿ ಬದಲಾಗುತ್ತಿದ್ದುದರಿಂದ ಚೀಟಿಯಲ್ಲಿ 1832-33 ಮತ್ತು 1835-36 ಎಂದು ಜೋಡಿ ವರ್ಷ ಬರೆದಿದ್ದಾರೆ. ಒಂದೇ ವರ್ಷ ಬರೆದು ಕೈತೊಳೆದುಕೊಳ್ಳುವ ವ್ಯಾಪಾರಿಗಳೇ ಹೆಚ್ಚಿರುವಾಗ ಈ ಎಚ್ಚರಿಕೆ ನನಗೆ ಬಹಳ ಹಿಡಿಸಿತು.

ಈ ಎರಡು ಮುದ್ರೆಗಳ ಹಿಂದೆ ಒಂದೇ ಮನೆತನವಿದೆ. ಮೊದಲನೆಯದು ಚಮಚ ತಯಾರಿಕೆಯಲ್ಲಿ ಆ ಕಾಲಕ್ಕೆ ಹೆಸರಾಂತ ವಿಲಿಯಂ ಚಾನರ್ ಅವರದು. ಅವರು 1834ರಲ್ಲಿ ತೀರಿಕೊಂಡಾಗ ಹೆಂಡತಿ ಮೇರಿ ಚಾನರ್ ಅದೇ ವರ್ಷ ತಮ್ಮ ಹೆಸರಿನಲ್ಲಿ ಮುದ್ರೆ ನೋಂದಾಯಿಸಿ ಕಾರ್ಖಾನೆಯನ್ನು ನಡೆಸಿದರು. 1840ರಲ್ಲಿ ಅಳಿಯ ಜಾರ್ಜ್ ವಿಲಿಯಂ ಆಡಮ್ಸ್ ಜೊತೆಗೂಡಿದರು. ಅಂದರೆ ಯಾವುದೋ ಮನೆಯವರು ನಾಲ್ಕು ಚಮಚ ಕೊಂಡು, ಕೆಲವು ವರ್ಷಗಳ ಮೇಲೆ ಮತ್ತೆರಡು ಬೇಕಾದಾಗ ಅದೇ ಕಾರ್ಖಾನೆಯ ಮಾಲನ್ನೇ ಹುಡುಕಿ ಕೊಂಡಿರಬಹುದು. ಅಥವಾ ಯಾರೋ ವ್ಯಾಪಾರಿ ಬಹಳ ತಡವಾಗಿ ಜೋಡಿಸಿರಲೂಬಹುದು. ಮೊದಲನೆಯ ಕಥೆ ಹೇಳಿದರೆ ಸುಲಭವಾಗಿ ಹೆಚ್ಚು ಬೆಲೆ ಕೇಳಬಹುದಿತ್ತು. ಯಜಮಾನರು ಹಾಗೆ ಮಾಡದೆ, 'ನಾಲ್ಕು ಮತ್ತು ಎರಡು, ಕೂಡಿಸಿದ ಕಟ್ಟು' ಎಂದೇ ಬರೆದು ಅದಕ್ಕೆ ತಕ್ಕಂತೆ ಬೆಲೆ ಇಳಿಸಿದ್ದರು. ಗಂಡ ತೀರಿಕೊಂಡ ಮೇಲೆ ಹೆಂಗಸೊಬ್ಬಳು ಕುಲುಮೆ, ಕೆಲಸಗಾರರು, ಸಾಲ, ವಸೂಲಿ ಎಲ್ಲವನ್ನೂ ಹೊತ್ತು ನಡೆಸಿದ ಕಾರ್ಖಾನೆಯ ಗುರುತು ಒಂದು ಕಡಲೆಬೇಳೆಯಷ್ಟು ಜಾಗದಲ್ಲಿ ಇಂದಿಗೂ ಓದುವಂತೆ ನಿಂತಿದೆ ಎಂಬುದೇ ಈ ಹವ್ಯಾಸಕ್ಕೆ ನನ್ನನ್ನು ಕಟ್ಟಿಹಾಕಿರುವ ಸಂಗತಿ.

ಇದೇ ಕಟ್ಟಿನಲ್ಲಿ ಅಸಲಿಯೋ ನಕಲಿಯೋ ಎಂದು ನೋಡುವ ಬಗೆಯನ್ನೂ ಅವರು ತೋರಿಸಿದರು. ಆ ಕಾಲದ ಲಂಡನ್ನಿನಲ್ಲಿ ಪರೀಕ್ಷಾ ಕಚೇರಿಯ ನಾಲ್ಕು ಮುದ್ರೆಗಳನ್ನು ಒಂದೇ ಅಚ್ಚಿನಿಂದ ಸಾಲಾಗಿ ಒತ್ತುತ್ತಿದ್ದರು. ತಯಾರಕರ ಮುದ್ರೆ ಮಾತ್ರ ಅದಕ್ಕೂ ಮೊದಲೇ ಕಾರ್ಖಾನೆಯಲ್ಲಿ ಕೈಯಿಂದ ಬಿದ್ದಿರುತ್ತಿತ್ತು. ಆದ್ದರಿಂದ ನಾಲ್ಕು ಮುದ್ರೆಗಳ ನಡುವಿನ ಅಂತರ ಎಲ್ಲ ಚಮಚಗಳಲ್ಲಿ ಒಂದೇ ಇದ್ದರೂ ತಯಾರಕರ ಮುದ್ರೆ ಒಂದರಲ್ಲಿ ಸ್ವಲ್ಪ ಓರೆಯಾಗಿ, ಇನ್ನೊಂದರಲ್ಲಿ ತುಸು ದೂರವಾಗಿ, ಮತ್ತೊಂದರಲ್ಲಿ ತಲೆಕೆಳಗಾಗಿ ಇರಬೇಕು. ಐದೂ ಗುರುತುಗಳು ಪ್ರತಿ ಚಮಚದಲ್ಲೂ ಕೂದಲೆಳೆಯಷ್ಟೂ ಬದಲಾಗದೆ ಕುಳಿತಿದ್ದು, ಅಂಚುಗಳು ಮೊಂಡಾಗಿ, ತಳದಲ್ಲಿ ಸಣ್ಣ ಹರಳು ಹರಳು ಕಂಡರೆ, ಅಸಲಿ ಚಮಚದಿಂದ ಅಚ್ಚು ತೆಗೆದು ಎರಕ ಹೊಯ್ದದ್ದೆಂದು ಸಂಶಯಪಡಬೇಕು.

ತಯಾರಕರ ಹೆಸರಿನ ವಿಷಯದಲ್ಲಿ ಅಂಗಡಿಯ ಸಂಯಮ ಮೆಚ್ಚತಕ್ಕದ್ದು. 'ಡಬ್ಲ್ಯೂ ಇ' ಎಂದಿದ್ದ ಒಂದು ಫೋರ್ಕನ್ನು ನೋಡಿದೆ. ವಿಲಿಯಂ ಈಟನ್, ವಿಲಿಯಂ ಈಲಿ ಇಬ್ಬರೂ ಲಂಡನ್ನಿನವರು, ಇಬ್ಬರೂ ಚಮಚ-ಫೋರ್ಕು ಮಾಡುವವರು, ಕಾಲವೂ ಹತ್ತಿರ ಹತ್ತಿರದ್ದು. ಅಕ್ಷರದ ನಡುವೆ ಚುಕ್ಕಿಯಿದೆಯೇ, ಚೌಕಟ್ಟಿನ ಮೂಲೆ ಚೂಪೋ ಗುಂಡೋ ಎಂಬ ಸೂಕ್ಷ್ಮಗಳನ್ನು ಲಂಡನ್ನಿನ ಪರೀಕ್ಷಾ ಕಚೇರಿಯಾದ ಗೋಲ್ಡ್‌ಸ್ಮಿತ್ಸ್ ಹಾಲ್ ನೋಂದಣಿಗಳ ಚಿತ್ರಗಳೊಡನೆ ಹೋಲಿಸಿ ತೀರ್ಮಾನಿಸಬೇಕಾಗುತ್ತದೆ. ಆ ಫೋರ್ಕಿನ ಚೌಕಟ್ಟು ಸವೆದಿದ್ದುದರಿಂದ ಚೀಟಿಯಲ್ಲಿ ಎರಡು ಹೆಸರನ್ನೂ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಮುದ್ರೆಗಳು ಹಿಡಿಯ ತುದಿಯ ಬದಲು ಬಟ್ಟಲಿನ ಬಳಿ, ಕಿರಿದಾದ ಕತ್ತಿನಲ್ಲಿ ಹಿಚುಕಿಕೊಂಡಿದ್ದ ಇನ್ನೊಂದು ಹಳೆಯ ಚಮಚಕ್ಕೆ 'ಸುಮಾರು 1780ಕ್ಕಿಂತ ಮುಂಚಿನದು, ಹೆಸರು ಓದಲಾಗದು' ಎಂದಷ್ಟೇ ಇತ್ತು. ಅದಕ್ಕಿಂತ ಹೆಚ್ಚು ಹೇಳಲು ಆಧಾರವೂ ಇರಲಿಲ್ಲ. ಒಂದು ಮಾತನ್ನು ಮಾತ್ರ ಚೀಟಿಯಲ್ಲೇ ಅಚ್ಚು ಹಾಕಿಸುವುದು ಒಳ್ಳೆಯದು: ತಯಾರಕರ ಮುದ್ರೆ ಪರೀಕ್ಷೆಗೆ ಒಪ್ಪಿಸಿದ ಹೊಣೆಗಾರರದು, ಸುತ್ತಿಗೆ ಹಿಡಿದ ಕೆಲಸಗಾರ ಬೇರೆಯವನಿರಬಹುದು.

ಜರ್ಮನ್ ಸಿಲ್ವರ್ ಸಾಮಾನಿಗೆ ಬೇರೆಯೇ ತಟ್ಟೆಯಿದೆ. ತಾಮ್ರ, ನಿಕ್ಕಲ್, ಸತುವು ಸೇರಿದ ಈ ಮಿಶ್ರಲೋಹಕ್ಕೆ ಬೆಳ್ಳಿ ಗಿಲೀಟು ಹಾಕುವ ವಿದ್ಯುತ್ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು 1840ರಲ್ಲಿ ಪೇಟೆಂಟ್ ಪಡೆದ ಮೇಲೆ, 'ಇ ಪಿ ಎನ್ ಎಸ್' (ಎಲೆಕ್ಟ್ರೋ ಪ್ಲೇಟೆಡ್ ನಿಕ್ಕಲ್ ಸಿಲ್ವರ್) ಅಕ್ಷರಗಳನ್ನು ಒಂದೊಂದು ಗುರಾಣಿಯೊಳಗೆ ಕೂರಿಸಿ ದೂರದಿಂದ ಹಾಲ್‌ಮಾರ್ಕಿನಂತೆ ಕಾಣುವ ಹಾಗೆ ಒತ್ತುವ ರೂಢಿ ಬಂತು. ಸಿಂಹವಿಲ್ಲದ ಆ ಸಾಲನ್ನು ಬೆಳ್ಳಿಯೆಂದು ಮಾರುವವರು ನಗರದಲ್ಲಿ ಈಗಲೂ ಇದ್ದಾರೆ. ಇಲ್ಲಿ ಆ ಮೋಸವಿಲ್ಲ.

ಅಂಗಡಿ ಸೋಲುವುದು ನಮ್ಮ ದೇಶದಲ್ಲೇ ತಯಾರಾದ ಸಾಮಾನಿನ ವಿಷಯದಲ್ಲಿ, ಮತ್ತು ಬೆಂಗಳೂರಿನ ಅಂಗಡಿಯೊಂದು ಇಲ್ಲಿಯೇ ಸೋಲುವುದು ನನಗೆ ನಿಜಕ್ಕೂ ಬೇಸರ ತಂದಿದೆ. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಂತೆ ಕಡ್ಡಾಯ ಪರೀಕ್ಷೆಯಾಗಲಿ ವರ್ಷದ ಅಕ್ಷರವಾಗಲಿ ಇಲ್ಲಿರಲಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್, ಮದರಾಸಿನ ಪಿ. ಓರ್ ಅಂಡ್ ಸನ್ಸ್, ನಮ್ಮ ದಂಡು ಪ್ರದೇಶದ ಬಾರ್ಟನ್ ಮುಂತಾದವರು ತಮ್ಮ ಹೆಸರನ್ನೋ ತಮಗೆ ತೋಚಿದ ಚಿಹ್ನೆಗಳನ್ನೋ ಒತ್ತುತ್ತಿದ್ದರು. ಹ್ಯಾಮಿಲ್ಟನ್ನರ ಆನೆ ಇದಕ್ಕೆ ಉದಾಹರಣೆ. ಇವನ್ನು ಕಾಲನಿರ್ಣಯದ ಮುದ್ರೆಗಳೆಂದು ಓದಲಾಗದು. ಹೀಗಿದ್ದೂ ಇಂಥ ಚಮಚಗಳ ಚೀಟಿಯಲ್ಲಿ ಇಂಗ್ಲಿಷ್ ಸಾಮಾನಿನಷ್ಟೇ ಧೈರ್ಯದಿಂದ ವರ್ಷ ಬರೆದಿರುವುದು ಕಂಡುಬಂತು. ಆಧಾರ ಕೇಳಿದಾಗ ಮಾದರಿ ನೋಡಿ ಬರೆದದ್ದೆಂಬ ಉತ್ತರ ಬಂತು. ಅದು ಊಹೆ, ಊಹೆಯೆಂದೇ ಬರೆಯಬೇಕು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಪಾಲಿಶ್ ಕುರಿತದ್ದು. ಮಾರಾಟಕ್ಕಿಡುವ ಮುನ್ನ ಎಲ್ಲವನ್ನೂ ಬಫ್ ಗಾಲಿಗೆ ಹಿಡಿಸಿ ಕನ್ನಡಿಯಂತೆ ಹೊಳೆಸುತ್ತಾರೆ. ಒಂದೊಂದು ಸಲ ಗಾಲಿಗೆ ಹಿಡಿದಾಗಲೂ ಮುದ್ರೆಯ ಅಂಚು ಒಂದಿಷ್ಟು ತಿಂದುಹೋಗುತ್ತದೆ; ಚೌಕಟ್ಟಿನ ಮೂಲೆಯೇ ಹೆಸರಿನ ನಿರ್ಣಾಯಕ ಸಾಕ್ಷಿಯಾಗಿರುವಾಗ ಅದನ್ನು ಹೊಳಪಿಗಾಗಿ ಬಲಿಕೊಡುವುದು ಇಂಥ ಅಂಗಡಿಗೆ ತಕ್ಕದ್ದಲ್ಲ. ಗಿರಾಕಿಗಳು ಕಪ್ಪಾದದ್ದನ್ನು ಮುಟ್ಟುವುದಿಲ್ಲ ಎಂಬುದು ಯಜಮಾನರ ಸಮಜಾಯಿಷಿ. ಮುದ್ರೆಯ ಭಾಗವನ್ನಾದರೂ ಬಿಟ್ಟು ಮೆತ್ತನೆಯ ಬಟ್ಟೆಯಲ್ಲಿ ಕೈಯಿಂದ ಒರೆಸಬಹುದು. ನಿಮಗೆ ಬೇಕಾದದ್ದು ಇನ್ನೂ ಗಾಲಿಗೆ ಹೋಗಿರದಿದ್ದರೆ ಹಾಗೆಯೇ ಕೊಡಿ ಎಂದು ಕೇಳಿ, ಕೊಡುತ್ತಾರೆ.

ಚಾಕುಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅಲಗು ಉಕ್ಕಿನದು, ಹಿಡಿಯ ಬೆಳ್ಳಿ ತಗಡಿನಷ್ಟು ತೆಳು, ಒಳಗೆ ತುಂಬಿರುವುದು ರಾಳ. ತೂಕ ಹಾಕಿ ಬೆಲೆ ಕಟ್ಟುವುದಕ್ಕೆ ಬರುವುದಿಲ್ಲ, ಮುದ್ರೆಯೂ ಬಹುತೇಕ ಅಳಿಸಿರುತ್ತದೆ.

ಉಳಿದವಕ್ಕೆ ಬೆಲೆ ನ್ಯಾಯವಾಗಿದೆ. ಮುದ್ರೆ ಸ್ಪಷ್ಟವಿದ್ದು ಹೆಸರು ಖಚಿತವಾದವಕ್ಕೆ ತೂಕದ ಬೆಲೆಯ ಮೇಲೆ ಗಣನೀಯವಾಗಿ ಹೆಚ್ಚು, ಅಳಿಸಿದವಕ್ಕೆ ಬೆಳ್ಳಿಯ ದರಕ್ಕಿಂತ ತುಸುವೇ ಹೆಚ್ಚು ಕೇಳುತ್ತಾರೆ. ಒರೆಗಲ್ಲಿಗೆ ಉಜ್ಜಿ ನೋಡಲು ಅಥವಾ ನಗರ್ತಪೇಟೆಯಲ್ಲಿ ಮಷಿನ್ನಿಗೆ ಹಾಕಿಸಿ ಟಚ್ (ಶುದ್ಧತೆ) ನೋಡಿಸಿಕೊಂಡು ಬರಲು ಅಡ್ಡಿಯಿಲ್ಲ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಂತೆ 100 ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಲೈಸೆನ್ಸಿನ ಪ್ರತಿಯನ್ನು ಕೇಳುವ ಮೊದಲೇ ತೋರಿಸಿದರು. ವಿದೇಶದಲ್ಲಿರುವ ಮಕ್ಕಳಿಗೆ ಉಡುಗೊರೆ ಕೊಡಲೆಂದು ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ಬಿಲ್ಲಿನಲ್ಲಿ ಬರೀ 'ಬೆಳ್ಳಿ ಚಮಚ' ಎಂದು ಬರೆಯುವ ಅಭ್ಯಾಸ ಅವರಿಗಿದೆ. ಚೀಟಿಯಲ್ಲಿರುವ ಊರು, ವರ್ಷ, ತಯಾರಕರ ಹೆಸರು ಮತ್ತು ತೂಕವನ್ನು ಬಿಲ್ಲಿಗೂ ಇಳಿಸಿ ಸಹಿ ಹಾಕಿಸಿಕೊಳ್ಳಿ.