ಡಾಕ್ಟ್ರು ಐದಕ್ಕೆ ಐದು, ಸಂಡಾಸಕ್ಕೆ ಒಂದು ಸ್ಟಾರ್ ಕಟ್

ವಿಜಯಪುರದಲ್ಲಿ ವಯಸ್ಸಾದವರ ಹೊಟ್ಟೆ ತೊಂದರೆಗೆ ಎಲ್ಲಿ ತೋರಿಸೋಣ ಅಂತ ಯಾರಾದರೂ ಕೇಳಿದರೆ ನಾನು ಈ ಸರ್ಜನ್ ಕ್ಲಿನಿಕ್ಕೇ ಹೇಳುತ್ತೇನೆ.

ನಮ್ಮ ಅತ್ತೆಗೆ ಮಲಬದ್ಧತೆ ಹಳೇ ಕಾಯಿಲೆ. ಮೊಣಕಾಲು ನೋವಿಗೆ ಟ್ರಮಡಾಲ್, ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ, ಎರಡೂ ಹೊಟ್ಟೆ ಕಟ್ಟುವಂಥವೇ, ಮೇಲೆ ನಮ್ಮೂರ ಬಿಸಿಲು, ನೀರು ಕುಡೀರಿ ಅಂದರೆ ರಾತ್ರಿ ಏಳಬೇಕಾಗುತ್ತದೆ ಅಂತ ಲೋಟ ಮುಟ್ಟುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ನೀರು ನೀರಾಗಿ ಶುರುವಾಯಿತು, ಸೀರೆಯಲ್ಲೇ ಸೋರುತ್ತಿತ್ತು. ಔಷಧಿ ಅಂಗಡಿಯವನು ಲೂಸ್ ಮೋಷನ್ ಅಂತ ಭೇದಿ ನಿಲ್ಲಿಸುವ ಲೋಪರಮೈಡ್ ಮಾತ್ರೆ ಕೊಟ್ಟ. ಹೊಟ್ಟೆ ಇನ್ನೂ ಉಬ್ಬಿತು.

ಈ ಡಾಕ್ಟ್ರು ಮೊದಲು ಮಾತ್ರೆ ಚೀಲ ಬಿಚ್ಚಿಸಿ ನೋಡಿದರು. ಪರದೆ ಎಳೆದು, ಸಿಸ್ಟರ್‌ನ ಜೊತೆಗಿಟ್ಟುಕೊಂಡು ಬೆರಳಿನಿಂದ ಪರೀಕ್ಷೆ ಮಾಡಿದರು, ಒಂದು ಎಕ್ಸ್‌ರೇ ಬರೆದರು. "ಇದು ಭೇದಿ ಅಲ್ಲ ಅಕ್ಕಾರ, ಒಳಗೆ ಮಲ ಕಲ್ಲಾಗಿ ಕೂತಿದೆ, ಪಕ್ಕದಿಂದ ನೀರಷ್ಟೇ ಜಿನುಗುತ್ತಿದೆ" ಅಂದರು. ಇಸಬ್‌ಗೋಲ್ ಕೊಡಲೇ ಅಂದೆ. ದಾರಿ ಕಟ್ಟಿರುವಾಗ ಬೇಡ, ಅದು ಒಳಗೆ ಉಬ್ಬಿ ಇನ್ನೂ ಬಿಗಿಯಾಗುತ್ತದೆ ಅಂದರು. ಹಾಗೇ ಬಿಟ್ಟರೆ ಆ ಗಟ್ಟಿ ಮಲ ಕರುಳಿನ ಗೋಡೆ ಒತ್ತಿ ಹುಣ್ಣಾಗಬಹುದು, ತೂತೂ ಬೀಳಬಹುದು, ಆಗ ಜೀವಕ್ಕೇ ಅಪಾಯ. ವರ್ಷಗಟ್ಟಲೆ ಹಿಗ್ಗಿ ಉದ್ದವಾದ ಕರುಳು ಕೆಲವರಿಗೆ ತಿರುಚಿಕೊಳ್ಳುವುದೂ ಉಂಟಂತೆ, ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದರು.

ಹೊಟ್ಟೆ ಬಿಗಿದು, ಗಾಳಿಯೂ ಹೋಗದೆ, ವಾಂತಿ, ಜ್ವರ, ತಡೆಯಲಾಗದ ನೋವು ಬಂದರೆ ನನ್ನ ಟೋಕನ್‌ಗೆ ಕಾಯಬೇಡಿ, ರಾತ್ರಿಯಾದರೂ ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಹೀಗೆ ಹೇಳುವವರು ಕಡಿಮೆ, ಅಲ್ವಾ?

ಎನಿಮಾ ಕೊಟ್ಟು ಮೆತ್ತಗೆ ಮಾಡಿ, ಉಳಿದದ್ದನ್ನು ಸಿಸ್ಟರ್ ಕೈಯಿಂದಲೇ ತೆಗೆದರು. ಮುಖ ಸಿಂಡರಿಸಲಿಲ್ಲ, ಅತ್ತೆ ನಾಚಿಕೊಂಡಾಗ ಊರು, ಮೊಮ್ಮಕ್ಕಳು ಅಂತ ಮಾತಿಗೆಳೆದರು. ನೋವಿನ ಮಾತ್ರೆ ಬದಲಾಯಿತು, ದಿನಾ ನೀರಲ್ಲಿ ಕಲಸಿ ಕುಡಿಯುವ ಪುಡಿ ಬರೆದುಕೊಟ್ಟರು.

ಈಗ ಬೈಗುಳ. ಹೊಟ್ಟೆ ಕ್ಲಿನಿಕ್ಕು, ಅದೂ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಇರುವುದು ಒಂದೇ ಸಂಡಾಸ, ಕುಕ್ಕರಗಾಲಲ್ಲಿ ಕೂರುವಂಥದ್ದು, ಹಿಡಿದುಕೊಳ್ಳಲು ಒಂದು ಸರಳೂ ಇಲ್ಲ! ಎನಿಮಾ ಆದ ಮೊಣಕಾಲು ನೋವಿನ ಮುದುಕಿ ಅಲ್ಲಿ ಏನು ಮಾಡಬೇಕು? ಇಬ್ಬರು ಹಿಡಿದುಕೊಂಡು ನಿಂತೆವು. ಸಂಜೆ ರಶ್ ಜಾಸ್ತಿ, ಬೆಳಗ್ಗೆಯೇ ಹೋಗಿ. ತಿನ್ನುವ ಮಾತ್ರೆಗಳನ್ನೆಲ್ಲ ಒಯ್ಯಿರಿ, ಜೊತೆಗೆ ಒಬ್ಬ ಗಟ್ಟಿ ಆಳನ್ನೂ.