ನಮ್ಮ ಯೂನಿವರ್ಸಿಟಿಯ ಉತ್ತರ ಪತ್ರಿಕೆ ಪ್ರತಿ ಸೇವೆ: ಐದಕ್ಕೆ ಮೂರು ಸ್ಟಾರ್

ಬಿಕಾಂ ಕಾಸ್ಟ್ ಅಕೌಂಟಿಂಗ್‌ನಲ್ಲಿ ಅಂಕ ತೀರಾ ಕಡಿಮೆ ಬಂತು ಅಂತ ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿದೆ. ಪೋರ್ಟಲ್ ಪರವಾಗಿಲ್ಲ, ಯುಪಿಐನಲ್ಲೇ ಫೀಸು ಕಟ್ಟಬಹುದು. ಆದರೆ ಸ್ಕ್ಯಾನ್ ನೋಡಬೇಕು! ಪುಟಗಳ ಎಡ ಅಂಚೇ ಕತ್ತರಿಸಿ ಹೋಗಿದೆ. ಅಂಕ ಹಾಕುವುದು ಅಲ್ಲೇ ಅಲ್ವಾ? ಆದರೂ ಒಂದು ವಿಷಯ ಗೊತ್ತಾಯಿತು. ಪ್ರೋಸೆಸ್ ಕಾಸ್ಟಿಂಗ್ ಲೆಕ್ಕದ ಎರಡನೇ ಪುಟಕ್ಕೆ ಕೆಂಪು ಪೆನ್ನು ತಾಗೇ ಇಲ್ಲ. ಟಿಕ್ಕೂ ಇಲ್ಲ, ಅಡ್ಡಗೆರೆಯೂ ಇಲ್ಲ.

ಕೌಂಟರಿನಲ್ಲಿ ಕೇಳಿದರೆ ‘ಇಷ್ಟು ಕೊಟ್ಟಿದ್ದೇ ಜಾಸ್ತಿ’ ಅನ್ನುವ ಧಾಟಿ. ಇದೇನು ಧರ್ಮಕ್ಕೆ ಕೊಡುವುದಲ್ಲ ಸ್ವಾಮಿ. ತಿದ್ದಿದ ತನ್ನ ಉತ್ತರ ಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕಿನಡಿ ವಿದ್ಯಾರ್ಥಿಯ ಹಕ್ಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ತಿದ್ದಿದವರು ಯಾರು ಅಂತ ಮಾತ್ರ ತಿಳಿಸಬೇಕಿಲ್ಲ. ಅದು ಸರಿಯೇ, ಇಲ್ಲದಿದ್ದರೆ ಅವರ ಮನೆ ಮುಂದೆ ಕ್ಯೂ ಇರುತ್ತಿತ್ತು.

ಕೊನೆ ದಿನ ಕಳೆದ ಮೇಲೆ ಬಂದು ಸುಮ್ನೆ ಕೂಗಾಡುವವರೂ ಅಲ್ಲಿದ್ದರು. ನೋಟಿಸ್ ಓದುವುದು ನಮ್ಮ ಕೆಲಸ, ಗುಮಾಸ್ತರದಲ್ಲ. ರಸೀದಿ ಜೋಪಾನವಾಗಿಡಿ, ಮರುಮೌಲ್ಯಮಾಪನಕ್ಕೆ ಮತ್ತೆ ಕೇಳುತ್ತಾರೆ.

ಸ್ಕ್ಯಾನರ್ ಸರಿ ಮಾಡಿಸಿದರೆ ಇನ್ನೊಂದು ಸ್ಟಾರ್ ಕೊಡುತ್ತೇನೆ.